ಅಡುಗೆಮನೆವರೆಗೆ ಹೋಗುವ ಹೆಂಗಸರು ಬೇಕು

ಸಂಪಾದಕರಿಗೆ ನಮಸ್ಕಾರ.

2025ರ ಅಕ್ಟೋಬರ್‌ನಲ್ಲಿ ಅಫ್ಘಾನಿಸ್ತಾನದ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಾಕಿ ದೆಹಲಿಗೆ ಬಂದಿದ್ದರಲ್ಲ, ಆಗ ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಭಾರತ ಅವರಿಗೆ 20 ಆಂಬುಲೆನ್ಸ್ ಕೊಡುತ್ತದೆ. ಕಾಬೂಲಿನ ಬಗ್ರಾಮಿ ಜಿಲ್ಲೆಯಲ್ಲಿ 30 ಹಾಸಿಗೆಯ ಆಸ್ಪತ್ರೆ ಕಟ್ಟಿಸುತ್ತದೆ. ಕ್ಯಾನ್ಸರ್ ಕೇಂದ್ರ, ಅಪಘಾತ ಚಿಕಿತ್ಸೆಯ ಕೇಂದ್ರ ಬರುತ್ತವೆ. ಪಕ್ತಿಕಾ, ಖೋಸ್ತ್, ಪಕ್ತಿಯಾ ಪ್ರಾಂತಗಳಲ್ಲಿ 5 ಹೆರಿಗೆ ಕ್ಲಿನಿಕ್. ಕಾಬೂಲಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ತಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಕೇಂದ್ರ, ಜೊತೆಗೆ ಕೊಠಡಿ ಬೆಚ್ಚಗಿಡುವ ಹೊಸ ವ್ಯವಸ್ಥೆ. ಓದಿ ಖುಷಿಯಾಯಿತು. ಆಮೇಲೆ ಎರಡನೇ ಸಲ ಓದಿದೆ, ಒಂದೇ ಒಂದು ಪದ ಹುಡುಕಿಕೊಂಡು. ಸುಟ್ಟಗಾಯ ಅನ್ನುವ ಪದ. ನಾನು ಓದಿದ ಪಟ್ಟಿಯಲ್ಲಿ ಅದು ಸಿಗಲಿಲ್ಲ.

ನಾನು 34 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಅದರಲ್ಲಿ 17 ವರ್ಷ ಬರ್ನ್ಸ್ ವಾರ್ಡ್. ಈಗ ನಿವೃತ್ತಳಾಗಿ ಮೈಸೂರಿನಲ್ಲಿದ್ದೇನೆ. ಅಫ್ಘಾನಿಸ್ತಾನ ನೋಡಿದವಳಲ್ಲ. ಆದರೆ 2020ರಿಂದ 2023ರವರೆಗೆ ನಮ್ಮ ಮನೆಯ ಮಹಡಿ ರೂಮಿನಲ್ಲಿ ಹೆರಾತ್ ನಗರದ ಹುಡುಗಿಯೊಬ್ಬಳು ಬಾಡಿಗೆಗೆ ಇದ್ದಳು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಲು ಬಂದವಳು. ಟಿವಿ ಧಾರಾವಾಹಿ ನೋಡಿಯೇ ಹಿಂದಿ ಕಲಿತಿದ್ದಳು. ನನ್ನದೂ ಹರಕು ಮುರಕು ಹಿಂದಿ. ಹೇಗೋ ಮಾತು ನಡೆಯುತ್ತಿತ್ತು.

ಬಂದ ಮೊದಲ ವಾರ ಸಕ್ಕರೆ ಕೇಳಲು ನನ್ನ ಅಡುಗೆಮನೆಗೆ ಬಂದಳು. ಬಟ್ಟಲು ಚಾಚಿದಾಗ ಎಡಗೈ ಕಂಡಿತು. ಮುಂಗೈ ಮೇಲೆ ಹಳೇ ಕಲೆ, ಚರ್ಮ ಎಳೆದು ಹೊಳೆಯುತ್ತಿತ್ತು. ಕಿರುಬೆರಳೂ ಉಂಗುರ ಬೆರಳೂ ಬಗ್ಗಿ ಹಾಗೇ ನಿಂತಿದ್ದವು. ನನಗೆ ಬಾಯಿ ತಡೆಯಲಿಲ್ಲ. 'ಬಿಸಿನೀರಾ, ಬೆಂಕಿಯಾ?' ಅಂತ ಕೇಳಿಬಿಟ್ಟೆ. ಅವಳು ನನ್ನ ಮುಖ ನೋಡಿದಳು. 'ನಿಮಗೆ ಹೇಗೆ ಗೊತ್ತಾಯಿತು ಆಂಟಿ?' ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ಸಂದಲಿ' ಅಂದಳು.

ಸಂದಲಿ ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಗಿಡ್ಡ ಕಾಲಿನ ಒಂದು ಮೇಜು. ಅದರ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಕೆ. ಮೇಲೆ ದೊಡ್ಡ ರಜಾಯಿ. ಮನೆಯವರೆಲ್ಲ ಸುತ್ತ ಕೂತು ಕಾಲನ್ನು ರಜಾಯಿ ಒಳಗೆ ಚಾಚುತ್ತಾರೆ. ಅಲ್ಲೇ ಊಟ, ಅಲ್ಲೇ ಚಹಾ, ಅಜ್ಜಿಯ ಕಥೆ, ನಿದ್ದೆ. ಹೊರಗೆ ಹಿಮ ಬೀಳುತ್ತಿರುತ್ತದೆ. ಅವಳು ಹೇಳುವುದನ್ನು ಕೇಳಿದರೆ ಅದರಷ್ಟು ಸುಖದ ಜಾಗ ಇನ್ನೊಂದಿಲ್ಲ ಅನಿಸುತ್ತಿತ್ತು. ಆದರೆ 4 ವರ್ಷದವಳಿದ್ದಾಗ ಅವಳು ನಿದ್ದೆಗಣ್ಣಲ್ಲಿ ಆ ರಜಾಯಿ ಕೆಳಗೆ ನುಸುಳಿ ಹೋಗಿದ್ದಾಳೆ. ಕೈ ಕೆಂಡದ ಮೇಲೆ ಬಿದ್ದಿದೆ. ತಾಯಿ ಓಡಿ ಬಂದು ಎತ್ತಿಕೊಂಡು, ಪಕ್ಕದ ಮನೆಯವರು ಹೇಳಿದ ಹಾಗೆ ಮೊಟ್ಟೆಯ ಬಿಳಿ ಹಚ್ಚಿದ್ದಾರೆ. ಅದರ ಮೇಲೆ ಟೂತ್‌ಪೇಸ್ಟ್. ಬಟ್ಟೆ ಬಿಗಿಯಾಗಿ ಕಟ್ಟಿ, ಬೆರಳು ಮಡಚಿ ಮಲಗಿಸಿದ್ದಾರೆ. ಆಸ್ಪತ್ರೆಗೆ ಹೋಗಿದ್ದು 5 ದಿನ ಆದ ಮೇಲೆ.

ಆ ತಾಯಿಯನ್ನು ನಾನು ಬಯ್ಯುವುದಿಲ್ಲ. ಬೆಂಗಳೂರಿನ ವಾರ್ಡ್‌ನಲ್ಲಿ ನಾನು ಗಾಯದಿಂದ ಒರೆಸಿ ತೆಗೆದ ವಸ್ತುಗಳನ್ನು ಹೇಳಿದರೆ ಓದುಗರು ನಂಬಲಿಕ್ಕಿಲ್ಲ. ನೀಲಿ ಇಂಕು, ದೋಸೆ ಹಿಟ್ಟು, ಸಗಣಿ, ಅರಿಶಿನ, ಬೂದಿ, ಟೂತ್‌ಪೇಸ್ಟ್. ಇಂಕು ಹಚ್ಚಿದ ಗಾಯ ಎಷ್ಟು ಆಳ ಅಂತ ನೋಡಲು ಡಾಕ್ಟರಿಗೇ ಆಗುತ್ತಿರಲಿಲ್ಲ. ಅಷ್ಟನ್ನೂ ತೊಳೆಯುವಾಗ ಮಗು ಕಿರುಚುವುದು ಇನ್ನೂ ಕಿವಿಯಲ್ಲಿದೆ. ಮಾಡಬೇಕಾಗಿದ್ದದ್ದು ಇಷ್ಟೇ: ಸುಟ್ಟ ತಕ್ಷಣ ಬಳೆ, ಉಂಗುರ ತೆಗೆಯುವುದು, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುವುದು, ತೊಳೆದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಬರುವುದು. ಐಸ್ ಬೇಡ. ಮೈ ಜಾಸ್ತಿ ಸುಟ್ಟಿದ್ದರೆ, ಅದರಲ್ಲೂ ಮಗುವಾದರೆ, ಗಾಯಕ್ಕೆ ಮಾತ್ರ ನೀರು ಹಾಕಿ ಉಳಿದ ಮೈಯನ್ನು ಬೆಚ್ಚಗೆ ಹೊದಿಸಬೇಕು. ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಸಿಗದೆ ಕೈ ಹೋಗುತ್ತದೆ.

ಆಮೇಲಿನ ಕಥೆ ಇನ್ನೂ ಉದ್ದ. ನೋವು ಕಡಿಮೆ ಅನಿಸುವ ಹಾಗೆ ಮೈ ಮಡಚಿ ಮಲಗಿದರೆ ಚರ್ಮ ಹಾಗೇ ಎಳೆದುಕೊಂಡು ಗಟ್ಟಿಯಾಗುತ್ತದೆ. ಅದಕ್ಕೇ ಕತ್ತು ಸುಟ್ಟವರಿಗೆ ನಾವು ದಿಂಬು ಕೊಡುತ್ತಿರಲಿಲ್ಲ. 'ಸಿಸ್ಟರ್, ಒಂದೇ ಒಂದು ದಿಂಬು ಕೊಡಿ' ಅಂತ ಅಂಗಲಾಚುತ್ತಿದ್ದರು. ಕೊಡದೆ ಹೋಗುತ್ತಿದ್ದೆ. ನಾಳೆ ಗದ್ದ ಎದೆಗೆ ಅಂಟಿಕೊಳ್ಳಬಾರದಲ್ವಾ? ನಮ್ಮ ಹುಡುಗಿಯ ಎರಡು ಬೆರಳಿಗೆ ಆ ವಾರ ಒಂದು ಸಣ್ಣ ಮರದ ಪಟ್ಟಿ ಕಟ್ಟಿ ನೇರ ಇಟ್ಟಿದ್ದರೆ ಬಹುಶಃ ಅವಳು ಇವತ್ತು ಎರಡೂ ಕೈಯಲ್ಲಿ ಟೈಪ್ ಮಾಡುತ್ತಿದ್ದಳು.

ಅವಳ ಜೊತೆ ಸಂಜೆ ಚಹಾ ಕುಡಿಯುವುದು ರೂಢಿಯಾಯಿತು. ಅವಳದು ಹಸಿರು ಚಹಾ, ಏಲಕ್ಕಿ ಹಾಕಿದ್ದು. ಆಂಟಿ ಹೋಗಿ ಖಾಲಾ ಆದೆ. ಅವರ ಭಾಷೆಯಲ್ಲಿ ಅಮ್ಮನ ಅಕ್ಕತಂಗಿಯರಿಗೆ ಹಾಗೆ ಕರೆಯುತ್ತಾರೆ. ನಾನು ಅವಳನ್ನು ಪುಟ್ಟಿ ಅನ್ನುತ್ತಿದ್ದೆ. ಆ ಸಂಜೆಗಳಲ್ಲಿ ಹೆರಾತಿನ ಮನೆಯೊಳಗೆ ಬೆಂಕಿ ಎಲ್ಲೆಲ್ಲಿ ಇರುತ್ತದೆ ಅಂತ ಒಂದೊಂದಾಗಿ ಕೇಳಿ ತಿಳಿದುಕೊಂಡೆ. ನನ್ನ ಹಳೇ ಕೆಲಸದ ಚಾಳಿ.

ಅವಳ ಅಜ್ಜಿಯ ಮನೆ ನಗರದ ಹೊರಗಿನ ಹಳ್ಳಿಯಲ್ಲಿ. ಅಲ್ಲಿ ತಂದೂರು ನೆಲದಲ್ಲಿ ಹೂತಿರುತ್ತದೆ. ಒಂದು ಬಾವಿಯ ಹಾಗೆ, ಒಳಗೆ ಬೆಂಕಿ. ಹೆಂಗಸರು ಮಂಡಿಯೂರಿ, ಸೊಂಟದವರೆಗೆ ಬಗ್ಗಿ, ನಾನ್ ಹಿಟ್ಟನ್ನು ಒಳಗೋಡೆಗೆ ಬಡಿಯಬೇಕು. ತಲೆ ಮೇಲೆ ಚಾದರ, ಅಗಲ ತೋಳಿನ ಬಟ್ಟೆ. ಅದು ನೈಲಾನೋ ಪಾಲಿಸ್ಟರೋ ಆದರೆ ಉರಿಯುವುದಷ್ಟೇ ಅಲ್ಲ, ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಬಗಲಲ್ಲಿ ಆಡುವ ಮಗು ಹಿಂದೆ ಹಿಂದೆ ನಡೆದು ಒಳಗೆ ಬೀಳುವುದೂ ಇದೆ. ಮೂರ್ಛೆ ರೋಗ ಇರುವ ಹೆಂಗಸಂತೂ ತಂದೂರಿನ ಮುಂದೆ ಕೂರಲೇಬಾರದು. ನಮ್ಮಲ್ಲೂ ಒಲೆ ಮುಂದೆ ಮೂರ್ಛೆ ಬಂದು ಬಿದ್ದವರು ಎಷ್ಟೋ ಜನ ವಾರ್ಡಿಗೆ ಬರುತ್ತಿದ್ದರು. ಅಂಥವರಿಗೆ ಸುಟ್ಟಗಾಯ ತಡೆಯುವ ಔಷಧಿ ಅಂದರೆ ದಿನಾ ತಪ್ಪದೆ ನುಂಗುವ ಮೂರ್ಛೆ ಮಾತ್ರೆ.

ಇನ್ನು ಬುಖಾರಿ. ತಗಡಿನ ಒಲೆ, ಕೊಳವೆ ಛಾವಣಿಯಿಂದ ಹೊರಗೆ ಹೋಗುತ್ತದೆ. ಸೌದೆ, ಕಲ್ಲಿದ್ದಲು, ಮರದ ಪುಡಿ, ಡೀಸೆಲ್, ಏನು ಸಿಕ್ಕರೆ ಅದು. ಅದರ ಮೇಲೆ ಸದಾ ಕುದಿಯುವ ನೀರಿನ ಪಾತ್ರೆ. ಕರೆಂಟ್ ಹೋದರೆ ಸೀಮೆ ಎಣ್ಣೆ ದೀಪ. ಆರದ ದೀಪಕ್ಕೇ ಎಣ್ಣೆ ಸುರಿಯುವುದು, ಸೀಮೆ ಎಣ್ಣೆಗೆ ಪೆಟ್ರೋಲ್ ಬೆರೆತಿರುವುದು, ಎರಡೂ ನಮಗೆ ಹೊಸದಲ್ಲ. ಹೆರಾತಿಗೆ ಕರೆಂಟ್ ಬಹಳಮಟ್ಟಿಗೆ ಇರಾನ್ ಮತ್ತು ತುರ್ಕ್‌ಮೆನಿಸ್ತಾನದಿಂದ ಬರುತ್ತದೆ. ಭಾರತ ಕಟ್ಟಿಕೊಟ್ಟ ಸಲ್ಮಾ ಅಣೆಕಟ್ಟೂ ಅದೇ ಪ್ರಾಂತದಲ್ಲಿದೆ, ಹರಿರೂದ್ ನದಿಗೆ. 2016ರ ಜೂನ್‌ನಲ್ಲಿ ಉದ್ಘಾಟನೆಯಾಯಿತು, 42 ಮೆಗಾವಾಟ್. ನನ್ನ ಹುಡುಗಿ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದಳು, ನಾನೇ ಕಟ್ಟಿಸಿದ ಹಾಗೆ ನನ್ನ ಕೈ ಕುಲುಕಿದ್ದಳು. ಒಂದು ಮನೆಗೆ ಬಲ್ಬ್ ಬಂದರೆ ಒಂದು ಸೀಮೆ ಎಣ್ಣೆ ದೀಪ ಹೋಗುತ್ತದೆ. ಅದೂ ಸುಟ್ಟಗಾಯ ತಡೆಯುವ ಕೆಲಸವೇ, ಯಾರೂ ಹಾಗೆ ಲೆಕ್ಕ ಹಾಕುವುದಿಲ್ಲ ಅಷ್ಟೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,80,000 ಜನ ಸುಟ್ಟಗಾಯದಿಂದ ಸಾಯುತ್ತಾರೆ. ಹೆಚ್ಚಿನವರು ಬಡ ದೇಶಗಳವರು. ಮಿಕ್ಕ ಬಹುತೇಕ ಅಪಘಾತಗಳಲ್ಲಿ ಸಾಯುವವರು ಗಂಡಸರೇ ಜಾಸ್ತಿ. ಸುಟ್ಟಗಾಯದಲ್ಲಿ ಹೆಂಗಸರು. ಕಾರಣ ಒಲೆ.

ಆದರೆ ಒಲೆ ಮಾತ್ರ ಅಂದರೆ ನಾನು ಸುಳ್ಳು ಹೇಳಿದ ಹಾಗೆ. ಇನ್ನೊಂದು ಬೆಂಕಿ ಇದೆ. ಅದರ ಬಗ್ಗೆ ಬರೆಯಲು ಈ ವಯಸ್ಸಿನಲ್ಲೂ ಕೈ ತಡೆಯುತ್ತದೆ.

ನಾನು ವಾರ್ಡಿಗೆ ಸೇರಿದ ಕಾಲದಲ್ಲಿ ಕೇಸ್ ಶೀಟಿನ ಮೇಲೆ ಜಾಸ್ತಿ ಕಾಣುತ್ತಿದ್ದ ಪದ 'ಸ್ಟವ್ ಬರ್ಸ್ಟ್'. ಪಂಪ್ ಸ್ಟವ್ ಸಿಡಿಯಿತು. ಹೆಂಗಸಿನ ವಯಸ್ಸು 20, 22, 24. ಮದುವೆಯಾಗಿ ಎರಡೋ ಮೂರೋ ವರ್ಷ. ವಾರ್ಡಿನಲ್ಲಿ ಮೊದಲ ಪ್ರಶ್ನೆ 'ಎಷ್ಟು ಪರ್ಸೆಂಟ್?' ಅಂತ. ಬೆರಳೂ ಸೇರಿ ರೋಗಿಯ ಅಂಗೈ ಅಗಲ ಅಂದರೆ ಸುಮಾರು 1 ಪರ್ಸೆಂಟ್, ಹಾಗೆ ಲೆಕ್ಕ. ಹೆಸರು ಆಮೇಲೆ ಗೊತ್ತಾಗುತ್ತಿತ್ತು. ಅತ್ತೆ, ಗಂಡ ಮಂಚದ ಪಕ್ಕದಲ್ಲೇ ನಿಂತಿರುವಾಗ ಬರೆದುಕೊಂಡ ಹೇಳಿಕೆಯಲ್ಲಿ ಸ್ಟವ್ ಸಿಡಿದಿರುತ್ತಿತ್ತು. ರಾತ್ರಿ 2 ಗಂಟೆಗೆ ಡ್ರಿಪ್ ಬದಲಿಸಲು ಹೋದಾಗ ಅವಳು ಮೆಲ್ಲಗೆ ಹೇಳುತ್ತಿದ್ದದ್ದೇ ಬೇರೆ. ಕೆಲವರಿಗೆ ಬೇರೆಯವರು ಬೆಂಕಿ ಇಟ್ಟಿದ್ದರು. ಕೆಲವರು ಹೊಡೆತ ತಾಳಲಾರದೆ ತಾವೇ ಇಟ್ಟುಕೊಂಡಿದ್ದರು. ಹಾಗೆ ಮಾಡಿಕೊಂಡು ಬಂದವರಲ್ಲಿ ಬಹಳ ಜನ ನನ್ನ ಕೈ ಹಿಡಿದು ಕೇಳಿದ್ದು ಒಂದೇ: 'ಸಿಸ್ಟರ್, ನನ್ನ ಉಳಿಸಿ.' ಅವರಿಗೆ ಸಾವು ಬೇಕಿರಲಿಲ್ಲ. ಆ ಮನೆಯಲ್ಲಿ ನಡೆಯುತ್ತಿದ್ದದ್ದು ನಿಲ್ಲಬೇಕಿತ್ತು. ಅದನ್ನು ಹೇಳಿಕೊಳ್ಳಲು ಒಬ್ಬರು ಸಿಕ್ಕಿದ್ದರೆ ಸಾಕಿತ್ತು. ಈ ಪತ್ರ ಓದುವ ಯಾರಿಗಾದರೂ ಅಂಥ ಸಂಕಟ ಇದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಹಿಂಸೆ ಇದ್ದರೆ 181.

ನಮ್ಮಲ್ಲಿ ಇದು ಬದಲಾಗಲು ಶುರುವಾಗಿದ್ದು ಹೆಂಗಸರು ಬೀದಿಗೆ ಇಳಿದು ಕೇಳಿದ ಮೇಲೆ. 1983ರಲ್ಲಿ ದಂಡಸಂಹಿತೆಗೆ 498ಎ ಸೆಕ್ಷನ್ ಬಂತು, ಗಂಡ ಮತ್ತು ಅವನ ಮನೆಯವರು ಕೊಡುವ ಹಿಂಸೆಗೆ ಶಿಕ್ಷೆ. 1986ರಲ್ಲಿ 304ಬಿ ಬಂತು. ಮದುವೆಯಾಗಿ 7 ವರ್ಷದೊಳಗೆ ಹೆಂಗಸು ಸುಟ್ಟು ಸತ್ತರೆ, ವರದಕ್ಷಿಣೆ ಕಿರುಕುಳ ಇತ್ತೇ ಅಂತ ಕೇಳುವ ಕಾನೂನು. ಬೆಂಗಳೂರಿನಲ್ಲಿ ವಿಮೋಚನಾ ಸಂಘಟನೆಯ ಹೆಂಗಸರು 90ರ ದಶಕದಲ್ಲಿ ಅಪಘಾತ ಅಂತ ಮುಚ್ಚಿಹೋದ ಕೇಸುಗಳ ಬೆನ್ನು ಹತ್ತಿದರು. 'ಸ್ಟವ್ ಬರ್ಸ್ಟ್ ಅಂತೀರಲ್ಲ, ಆ ಸ್ಟವ್ ಎಲ್ಲಿ?' ಅನ್ನುವ ಪ್ರಶ್ನೆ ಆಗ ಹುಟ್ಟಿತು. ಮನೆಮನೆಗೆ ಗ್ಯಾಸ್ ಬಂದಿದ್ದೂ ದೊಡ್ಡ ವಿಷಯ. ಆದರೆ ಹಾಸಿಗೆಯ ಹತ್ತಿರ ಕೂತು, ನೆಂಟರನ್ನು ಹೊರಗೆ ಕಳಿಸಿ, 'ಏನಾಯ್ತಮ್ಮ?' ಅಂತ ಕೇಳುವ ಹೆಂಗಸು ಇಲ್ಲದಿದ್ದರೆ ಯಾವ ಕಾನೂನೂ ವಾರ್ಡಿನ ಬಾಗಿಲು ದಾಟುತ್ತಿರಲಿಲ್ಲ. ಅದು ನನ್ನ ಕಣ್ಣಾರೆ ಕಂಡದ್ದು.

ಹೆರಾತಿನಲ್ಲಿ ನಡೆದದ್ದೂ ಇದೇ ದಾರಿ, ಸ್ವಲ್ಪ ತಡವಾಗಿ. ತಮಗೆ ತಾವೇ ಬೆಂಕಿ ಇಟ್ಟುಕೊಂಡ ಹೆಂಗಸರು ಅಲ್ಲಿನ ಆಸ್ಪತ್ರೆಗೆ ಬರುವುದು 2000ದ ನಂತರದ ವರ್ಷಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಕಾರಣ ಕೇಳಿದರೆ ಅವೇ ಹಳೆಯವು: ಚಿಕ್ಕ ವಯಸ್ಸಿನ ಬಲವಂತದ ಮದುವೆ, ಗಂಡನ ಹೊಡೆತ, ಅತ್ತೆಮನೆಯ ಹಿಂಸೆ, ಒಂದು ಕುಟುಂಬದ ಜಗಳ ತೀರಿಸಲು ಇನ್ನೊಂದಕ್ಕೆ ಹುಡುಗಿಯನ್ನು ಕೊಟ್ಟುಬಿಡುವ 'ಬಾದ್' ಎಂಬ ಪದ್ಧತಿ. ಜರ್ಮನಿಯ ಮೆಡಿಕಾ ಮೊಂಡಿಯಾಲೆ ಎಂಬ ಮಹಿಳಾ ಸಂಸ್ಥೆ ಇದನ್ನು ಕೈಗೆತ್ತಿಕೊಂಡು 2006ರಲ್ಲಿ ಕಾಬೂಲಿನಲ್ಲಿ ಸಮಾವೇಶ ನಡೆಸಿತು. ಬೋಸ್ನಿಯಾ ಯುದ್ಧದ ಕಾಲದಲ್ಲಿ ಮೋನಿಕಾ ಹೌಸರ್ ಎಂಬ ಸ್ತ್ರೀರೋಗ ವೈದ್ಯೆ ಶುರು ಮಾಡಿದ ಸಂಸ್ಥೆ ಅದು. ಫ್ರಾನ್ಸಿನ ಮಾರ್ಸೇ ನಗರದ ಶಸ್ತ್ರಚಿಕಿತ್ಸಕರ ಸಂಸ್ಥೆ ಹ್ಯುಮಾನಿತೆರಾ ಹೆರಾತಿನಲ್ಲಿ ಸುಟ್ಟಗಾಯದ ಕೇಂದ್ರಕ್ಕೆ ಬೆನ್ನೆಲುಬಾಗಿ ನಿಂತಿತು. ಆ ಕೇಂದ್ರ 2007ರಲ್ಲಿ ಶುರುವಾಯಿತು. ಬಾದ್ಗಿಸ್, ಘೋರ್, ಫರಾ, ಇಡೀ ಪಶ್ಚಿಮ ಅಫ್ಘಾನಿಸ್ತಾನಕ್ಕೆ ದೊಡ್ಡ ಆಸರೆ ಹೆರಾತ್. 2009ರಲ್ಲಿ ಆಗಿನ ಅಧ್ಯಕ್ಷ ಹಮೀದ್ ಕರ್ಜಾಯಿ ಸಹಿ ಹಾಕಿದ ಮಹಿಳಾ ದೌರ್ಜನ್ಯ ತಡೆ ಕಾನೂನಿನಲ್ಲಿ ಹೆಂಗಸಿಗೆ ಬೆಂಕಿ ಇಡುವುದು ಅಪರಾಧವಾಗಿತ್ತು. ಅವಳು ತಾನೇ ಬೆಂಕಿ ಇಟ್ಟುಕೊಳ್ಳುವ ಸ್ಥಿತಿಗೆ ದೂಡುವುದೂ ಅಪರಾಧವಾಗಿತ್ತು. ಈ ಎರಡನೆಯದನ್ನು ಓದಿದಾಗ ನನಗೆ ರೋಮಾಂಚನವಾಯಿತು. ನಮ್ಮ ವಾರ್ಡಿನ ಹುಡುಗಿಯರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

ತಡೆಯಲು ಆಗುತ್ತದಾ ಅಂತ ಕೇಳುವವರಿಗೆ ಒಂದು ಉದಾಹರಣೆ. ಪಶ್ಚಿಮ ಇರಾನಿನ ಕೆರ್ಮಾನ್‌ಶಾಹ್ ಪ್ರಾಂತದಲ್ಲಿ ಗಿಲಾನೆಘರ್ಬ್ ಅಂತ ಒಂದು ಊರಿದೆ. ಅಲ್ಲೂ ಇದೇ ಪಿಡುಗು. ಬದುಕಿ ಉಳಿದವರ ಕಥೆಗಳನ್ನು ವಿಡಿಯೊ ಮಾಡಿ ಊರಿನ ಜನರಿಗೆ ತೋರಿಸಿದರು, ಕೂತು ಮಾತಾಡಿದರು. ಅಂಥ ಪ್ರಕರಣಗಳು ಇಳಿದವು. ಮುಲಾಮಿನಿಂದ ಇಳಿದದ್ದಲ್ಲ, ಮಾತಿನಿಂದ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಮಾತನ್ನು ಆಡುವವರು ಯಾರು?

ಅಫ್ಘಾನಿಸ್ತಾನದ ಹಳ್ಳಿ ಮನೆಯೊಳಗೆ ಹೊರಗಿನ ಗಂಡಸು ಕಾಲಿಡುವ ಹಾಗಿಲ್ಲ. ಸಂದಲಿಗೆ ತಂತಿಯ ಬಲೆ ಹಾಕಿ, ತಂದೂರಿನ ಸುತ್ತ ಒಂದು ಗೇಣು ಕಟ್ಟೆ ಕಟ್ಟಿಸಿ, ಚಾದರದ ತುದಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಅಂತ ಅಡುಗೆಮನೆಗೇ ಹೋಗಿ ತೋರಿಸಿಕೊಡಬೇಕಾದರೆ ಹೆಂಗಸೇ ಬೇಕು. ಸೊಸೆಯ ತೋಳಿನ ಮೇಲಿನ ಬಾಸುಂಡೆ ಕಾಣುವುದೂ ಹೆಂಗಸಿನ ಕಣ್ಣಿಗೇ. ಎದೆ, ತೊಡೆ ಸುಟ್ಟವಳ ಡ್ರೆಸ್ಸಿಂಗ್ ಮಾಡಲೂ ಹೆಂಗಸೇ ಬೇಕು. ಗಂಡು ಡಾಕ್ಟರ ಮುಂದೆ ಬಟ್ಟೆ ಸರಿಸಲು ಒಪ್ಪದೆ ಗಾಯ ಕೊಳೆಯುವವರೆಗೆ ಕಾಯುವವರು ನಮ್ಮಲ್ಲೇ ಇದ್ದರು. ಅಲ್ಲಿ ಕೇಳಬೇಕಾ?

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮತ್ತೆ ಬಂತು. ಆ ರಾತ್ರಿಗಳಲ್ಲಿ ಹುಡುಗಿ ನಮ್ಮ ಹಾಲ್‌ನಲ್ಲೇ ಫೋನ್ ಹಿಡಿದು ಕೂತಿರುತ್ತಿದ್ದಳು. ಅನ್ನ ಮುಟ್ಟುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮಹಿಳಾ ಸಚಿವಾಲಯದ ಕಟ್ಟಡದ ಬೋರ್ಡ್ ತೆಗೆದು ನೀತಿ ಪಾಲನೆಯ ಸಚಿವಾಲಯದ ಬೋರ್ಡ್ ಹಾಕಿದರು. ಹೊಡೆತ ತಪ್ಪಿಸಿಕೊಂಡು ಬಂದ ಹೆಂಗಸರ ಆಶ್ರಯಮನೆಗಳು ಮುಚ್ಚಿದವು. ಆ ಡಿಸೆಂಬರ್‌ನಲ್ಲಿ ಒಂದು ಆಜ್ಞೆ: 72 ಕಿಲೋಮೀಟರಿಗಿಂತ ದೂರ ಹೋಗುವ ಹೆಂಗಸಿನ ಜೊತೆ ಹತ್ತಿರದ ಗಂಡು ನೆಂಟ ಇರಬೇಕು. ಘೋರ್‌ನ ಬೆಟ್ಟದಿಂದ ಹೆರಾತಿಗೆ ಸುಟ್ಟ ಮೈಯಲ್ಲಿ ಬರಬೇಕಾದವಳು ವಿಧವೆಯಾಗಿದ್ದರೆ? 2022ರ ಡಿಸೆಂಬರ್ 24ಕ್ಕೆ ಸ್ವಯಂಸೇವಾ ಸಂಸ್ಥೆಗಳಲ್ಲಿ ಹೆಂಗಸರು ಕೆಲಸ ಮಾಡುವುದಕ್ಕೇ ನಿಷೇಧ ಬಂತು. 2023ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಕಚೇರಿಗಳಿಗೂ ಅದೇ. ಆರೋಗ್ಯದ ಕೆಲಸಕ್ಕೆ ಒಂದಿಷ್ಟು ವಿನಾಯಿತಿ ಕೊಟ್ಟರು, ನಿಜ. ಆದರೆ 2024ರ ಡಿಸೆಂಬರ್‌ನಲ್ಲಿ ನರ್ಸಿಂಗ್, ಸೂಲಗಿತ್ತಿ ತರಬೇತಿಯಿಂದಲೂ ಹುಡುಗಿಯರನ್ನು ಹೊರಗಿಟ್ಟರು. ಈಗ ಇರುವ ನರ್ಸ್‌ಗಳು ನನ್ನ ಹಾಗೆ ಒಂದು ದಿನ ನಿವೃತ್ತರಾಗುತ್ತಾರೆ. ಆಮೇಲೆ ಯಾರು?

ಇದರ ಮೇಲೆ 2023ರ ಅಕ್ಟೋಬರ್‌ನಲ್ಲಿ ಹೆರಾತಿನಲ್ಲಿ ಭೂಕಂಪಗಳು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಹಳ್ಳಿಗಳೇ ನೆಲಸಮವಾದವು. ಉಳಿದವರು ಚಳಿಗಾಲಕ್ಕೆ ಟೆಂಟು ಸೇರಿದರು. ಟೆಂಟಿನ ಬಟ್ಟೆ, ಒಳಗೆ ಒಲೆ, ಪಕ್ಕದಲ್ಲಿ ಮಲಗಿದ ಮಕ್ಕಳು. ಆ ಫೋಟೊ ನೋಡಿದಾಗ ನನಗೆ ಕಂಡದ್ದು ಭೂಕಂಪ ಅಲ್ಲ, ಆ ಒಲೆ.

ಹೆಂಗಸರನ್ನು ಕೆಲಸದಿಂದ ತೆಗೆದರೆ ಅದು ಹಕ್ಕಿನ ಪ್ರಶ್ನೆ ಅಂತ ಎಲ್ಲರೂ ಬರೆಯುತ್ತಾರೆ. ಹೌದು, ಹಕ್ಕಿನ ಪ್ರಶ್ನೆಯೇ. ಆದರೆ ವಾರ್ಡಿನಲ್ಲಿ ದುಡಿದವಳಾಗಿ ನಾನು ಹೇಳುವುದು ಬೇರೆ: ಅದು ಸುಟ್ಟಗಾಯಕ್ಕೂ ಕಾರಣ. ಕೆಟ್ಟ ಸೀಮೆ ಎಣ್ಣೆ, ನೈಲಾನ್ ಬಟ್ಟೆ ಎಷ್ಟು ಕಾರಣವೋ ಅಷ್ಟೇ ಕಾರಣ. ಮನೆಯೊಳಗೆ ಹೋಗುವವಳನ್ನು ತಡೆದರೆ ಬೆಂಕಿಯನ್ನು ತಡೆಯುವವರು ಯಾರೂ ಉಳಿಯುವುದಿಲ್ಲ. 

ಆದ್ದರಿಂದ ನಮ್ಮ ವಿದೇಶಾಂಗ ಸಚಿವಾಲಯಕ್ಕೆ ನನ್ನ ಕೋರಿಕೆ. ಆಂಬುಲೆನ್ಸ್ ಕೊಡಿ, ಎಂಆರ್‌ಐ, ಸಿಟಿ ಸ್ಕ್ಯಾನ್ ಯಂತ್ರ ಕೊಡಿ. ಕಾಬೂಲಿನಲ್ಲಿ ಈಗ ನಮ್ಮ ರಾಯಭಾರ ಕಚೇರಿ ಮತ್ತೆ ತೆರೆದಿದೆ, ಮಾತಾಡುವ ದಾರಿ ಇದೆ. ಆ 5 ಹೆರಿಗೆ ಕ್ಲಿನಿಕ್‌ಗಳಿಗೆ ಹೆಂಗಸರೇ ಬರುತ್ತಾರೆ, ಮತ್ತೆ ಮತ್ತೆ ಬರುತ್ತಾರೆ, ಮಗುವನ್ನು ಕರೆದುಕೊಂಡು ಬರುತ್ತಾರೆ. ಅಲ್ಲಿ ಸೂಲಗಿತ್ತಿ ನರ್ಸ್ ಆಗಿ ಹೆಂಗಸರೇ ಇರಲೇಬೇಕು ಅಂತ ಷರತ್ತು ಹಾಕಿ. ಪ್ರತಿ ತಾಯಿಗೂ ಲಸಿಕೆ ಕಾರ್ಡಿನ ಜೊತೆ ಸುಟ್ಟಗಾಯದ ಮಾತು 10 ನಿಮಿಷ ಹೇಳಿಸಿ. ಓದು ಬಾರದವರಿಗೆ ಚಿತ್ರದ ಹಾಳೆ ಕೊಡಿ. ಮೂರ್ಛೆ ಮಾತ್ರೆ, ಸುಟ್ಟಗಾಯದ ಮುಲಾಮು, ಬೆರಳಿಗೆ ಕಟ್ಟುವ ಪಟ್ಟಿ ಔಷಧಿಗಳ ಪಟ್ಟಿಗೆ ಸೇರಲಿ. ಅಲ್ಲಿ ನರ್ಸಿಂಗ್ ಓದು ನಿಂತ ಹುಡುಗಿಯರಿಗೆ ಇಲ್ಲಿ ಸೀಟು ಕೊಡಲು ಸಾಧ್ಯವಾದರೆ ಕೊಡಿ. ಬರಲಾಗದವರಿಗೆ ಆನ್‌ಲೈನ್ ಪಾಠವನ್ನಾದರೂ ಮಾಡಿ. ನನ್ನಂಥ ನಿವೃತ್ತ ನರ್ಸ್‌ಗಳು ಈ ರಾಜ್ಯದಲ್ಲಿ ಎಷ್ಟೋ ಜನ ಇದ್ದೇವೆ. ಕರೆದರೆ ಬಂದು ಹೇಳಿಕೊಡುತ್ತೇವೆ.

ನಾವು ಇಬ್ಬರು ಸೇರಿ ಸಣ್ಣದಾಗಿ ಒಂದು ಕೆಲಸ ಶುರು ಮಾಡಿದ್ದೇವೆ, ಅದನ್ನೂ ಹೇಳುತ್ತೇನೆ. ಹುಡುಗಿ ಈಗ ಬೇರೆ ದೇಶದಲ್ಲಿದ್ದಾಳೆ. ನಾನು ಹಿಂದಿಯಲ್ಲಿ ಹೇಳಿದ್ದನ್ನು ಅವಳು ದರಿ ಭಾಷೆಯಲ್ಲಿ ವಾಯ್ಸ್ ಮೆಸೇಜ್ ಮಾಡಿ ಅಮ್ಮನಿಗೆ ಕಳಿಸುತ್ತಾಳೆ. ಎರಡು ನಿಮಿಷಕ್ಕಿಂತ ಜಾಸ್ತಿ ಇಲ್ಲ. ಅಮ್ಮ ಅದನ್ನು ನಾನ್ ಸುಡುವ ದಿನ ಅಜ್ಜಿಯ ಅಂಗಳದಲ್ಲಿ ಅಕ್ಕಪಕ್ಕದವರಿಗೆ ಕೇಳಿಸುತ್ತಾರೆ. 2025ರ ಸೆಪ್ಟೆಂಬರ್ ಕೊನೆಗೆ ಇಡೀ ದೇಶದಲ್ಲಿ ಎರಡು ದಿನ ಇಂಟರ್ನೆಟ್ ಕಡಿದಾಗ ನಮ್ಮ ಮೆಸೇಜ್ ಹೋಗಲಿಲ್ಲ. ಆ ಎರಡು ದಿನ ನನಗೂ ನಿದ್ದೆ ಬರಲಿಲ್ಲ. ಮೂರನೇ ದಿನ ಫೋಟೊ ಬಂತು: ತಂದೂರಿನ ಪಕ್ಕ ಮುಚ್ಚಳ ಇರುವ ನೀಲಿ ಡ್ರಮ್ಮು, ಅದರ ಮೇಲೆ ಒಂದು ತಂಬಿಗೆ. ನೀರು ದೂರದಿಂದ ಹೊತ್ತು ತರಬೇಕಾದ ಊರು ಅದು. ಆದರೂ ಡ್ರಮ್ಮು ತುಂಬದೆ ಈಗ ತಂದೂರು ಹಚ್ಚುವುದಿಲ್ಲವಂತೆ.

ಅಂಗಳದಿಂದ ಪ್ರಶ್ನೆಗಳೂ ಬರುತ್ತವೆ. ಊದಿದ ಬೆರಳಿನಿಂದ ಉಂಗುರ ಬಾರದಿದ್ದರೆ ಏನು ಮಾಡಬೇಕು? ಮಗು ತಣ್ಣೀರಿಗೆ ಅಳುತ್ತದೆ, ಬಿಡಬಹುದಾ? ಮೊನ್ನೆ ಬಂದ ಪ್ರಶ್ನೆ ಬೇರೆ ಥರದ್ದು. ಪಕ್ಕದ ಮನೆಯ ಸೊಸೆಗೆ ಮೂರ್ಛೆ ಬರುತ್ತದೆ. ಅತ್ತೆ ಅವಳನ್ನೇ ತಂದೂರಿಗೆ ಕೂರಿಸುತ್ತಾಳೆ. ಕೆಲಸ ತಪ್ಪಿಸಲು ನಾಟಕ ಮಾಡುತ್ತಾಳೆ ಅನ್ನುತ್ತಾಳೆ. ಅವಳಿಗೆ ಏನು ಹೇಳುವುದು ಖಾಲಾ?

ನಾನು ಹೀಗೆ ಹೇಳಿ ಕಳಿಸಿದೆ. ಅತ್ತೆಯನ್ನು ಬಯ್ಯಬೇಡಿ, ಬಯ್ದರೆ ಸೊಸೆಗೇ ಕಷ್ಟ. ಹಿಟ್ಟು ನಾದುವುದು, ಉಂಡೆ ಕಟ್ಟುವುದು ಸೊಸೆ ಮಾಡಲಿ, ತಂದೂರಿನಿಂದ ಆರು ಹೆಜ್ಜೆ ದೂರ ಕೂತು. ಬಡಿಯುವುದನ್ನು ಅತ್ತೆ ಮಾಡಲಿ. 'ನಿಮ್ಮ ಕೈಯ ನಾನ್ ರುಚಿ ಬೇರೆ ಯಾರಿಗೂ ಬರುವುದಿಲ್ಲ' ಅಂತ ಅಜ್ಜಿಯೇ ಅವಳಿಗೆ ಹೇಳಲಿ, ದೊಡ್ಡವರು ಹೇಳಿದರೆ ಕೇಳುತ್ತಾಳೆ. ಆ ಹುಡುಗಿಯನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಲು ಯಾರಾದರೂ ಅಣ್ಣನೋ ತಮ್ಮನೋ ಇದ್ದಾನಾ ವಿಚಾರಿಸಿ. ಮಾತ್ರೆಯ ಹೆಸರನ್ನು ಅಲ್ಲಿನ ಡಾಕ್ಟರೇ ಹೇಳಬೇಕು. ಉತ್ತರಕ್ಕೆ ಕಾಯುತ್ತಿದ್ದೇನೆ.

ಇತಿ,
ನಿವೃತ್ತ ಸ್ಟಾಫ್ ನರ್ಸ್, ಸರಸ್ವತಿಪುರಂ, ಮೈಸೂರು
(ಆ ಹುಡುಗಿಯ ಮನೆಯವರು ಅಲ್ಲೇ ಇದ್ದಾರೆ. ಅದಕ್ಕೇ ದಯವಿಟ್ಟು ನನ್ನ ಹೆಸರು ಹಾಕಬೇಡಿ.)